ಪವರ್ ಧಾರೆಯ ಡೆಮೊ

ರಸಾಯನಶಾಸ್ತ್ರದಲ್ಲಿ ಅಂಜನಮೂರ್ತಿಗೆ ಗೊತ್ತಿದ್ದದ್ದು ಒಂದೇ ಸಂಗತಿ: ಬಾಟಲಿಯ ಮೇಲೆ ಚಿರತೆಯ ಚಿತ್ರ ಅಂಟಿಸಿದರೆ ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಕೆ.ಆರ್. ಪುರದಲ್ಲಿ ಒಂದು ತಗಡಿನ ಶೆಡ್ ಹಿಡಿದು, ಪೀಪಾಯಿಗಳಲ್ಲಿ ಮೆಥನಾಲ್ ತರಿಸಿ, ಅದಕ್ಕೆ ಹಸಿರು ಬಣ್ಣ ಕದಡಿ, ‘ಪವರ್ ಧಾರೆ’ ಎಂದು ಆಟೋದವರಿಗೆ ಮಾರುತ್ತಿದ್ದ. ಪೆಟ್ರೋಲಿಗೆ ಇದನ್ನು ಬೆರೆಸಿದರೆ ಹೊಗೆ ಕಡಿಮೆ, ಎಳೆತ ಹೆಚ್ಚು ಎನ್ನುತ್ತಿದ್ದ. ಆ ಶೆಡ್ಡಿನ ಸೆಕೆಯಲ್ಲೂ ಟೈ ಕಟ್ಟುತ್ತಿದ್ದ. ತನ್ನ ಸರಕು ಕೊಳ್ಳುವವರನ್ನು ‘ದನಗಳು’ ಎಂದು ಕರೆಯುತ್ತಿದ್ದ.

ಅವನ ಕೆಮಿಸ್ಟ್ ರಾಜೇಶ್ವರಿ. ಗುಲ್ಬರ್ಗದಲ್ಲಿ ಎಂ.ಎಸ್ಸಿ. ಮುಗಿಸಿ ಬಂದು, ಕಗ್ಗದಾಸಪುರದಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಹಿಡಿದು ತಾಯಿಯ ಜೊತೆ ಇದ್ದಳು. ಪ್ರತಿ ಬ್ಯಾಚಿನ ಚೀಟಿಯ ಮೇಲೆ ‘ಪರೀಕ್ಷಿಸಲಾಗಿದೆ’ ಎಂದು ಸಹಿ ಹಾಕುವುದು ಅವಳ ಕೆಲಸ. ಪರೀಕ್ಷೆ ಮಾಡುವ ಉಪಕರಣ ಒಂದೂ ಆ ಶೆಡ್ಡಿನಲ್ಲಿರಲಿಲ್ಲ.

ಸೇರಿದ ಮೊದಲ ತಿಂಗಳಲ್ಲೇ ಅವಳು ಹೇಳಿದ್ದಳು.

“ಸರ್, ಮೆಥನಾಲ್ ಕೆಟ್ಟದ್ದಲ್ಲ. ಆಕ್ಟೇನ್ ಏರ್ಸುತ್ತೆ, ಮಸಿ ಇಲ್ದೆ ಉರಿಯುತ್ತೆ. ಆದ್ರೆ ಟ್ಯಾಂಕಲ್ಲಿ ಸ್ವಲ್ಪ ನೀರು ಸೇರಿದ್ರೂ ಪೆಟ್ರೋಲ್ ಬಿಟ್ಟು ನೀರಿನ ಜೊತೆ ತಳಕ್ಕೆ ಹೋಗ್ಬಿಡುತ್ತೆ. ಎರಡನ್ನೂ ಹಿಡಿದಿಡೋಕೆ ಇನ್ನೊಂದು ಆಲ್ಕೋಹಾಲ್ ಸೇರಿಸ್ಬೇಕು. ಲೋಹ ತಿನ್ನದ ಹಾಗೆ ಬೇರೆ ಒಂದು ಕೆಮಿಕಲ್ ಬೇಕು. ಆಟೋ ಇಂಜಿನ್ನಿಗೆ ಆಯಿಲ್ಲೂ ಪೆಟ್ರೋಲ್ ಜೊತೇನೇ ಹೋಗ್ಬೇಕಲ್ರೀ, ಆ ಆಯಿಲ್ ಇದ್ರಲ್ಲಿ ಕರಗಲ್ಲ.”

“ಮೇಡಂ,” ಅಂಜನಮೂರ್ತಿ ನಕ್ಕ, “ಆಟೋದವ್ನಿಗೆ ಎಬಿಸಿಡಿ ಬರಲ್ಲ, ಅವ್ನು ಇದನ್ನೆಲ್ಲ ಕೇಳ್ತಾನಾ? ಗುಲ್ಬರ್ಗದಲ್ಲಿ ಟೆಸ್ಟ್ ಟ್ಯೂಬ್ ತೊಳ್ಕೊಂಡು ಬಂದು ನನಗೆ ಬಿಸಿನೆಸ್ ಹೇಳ್ಕೊಡ್ಬೇಡಿ.”

ಅಂದಿನಿಂದ ಅವಳು ಅವನನ್ನು ಮನಸಾರೆ ತುಚ್ಛವಾಗಿ ಕಂಡಳು. ಅವನ ಟೈ, ಅವನ ಇಂಗ್ಲಿಷು, ‘ಮೆಥನಾಲ್’ ಎನ್ನಲು ಬಾರದೆ ‘ಮೆಂಥಾಲ್’ ಎನ್ನುವ ಅವನ ಬಾಯಿ ಎಲ್ಲವನ್ನೂ ರಾತ್ರಿ ಊಟದ ಹೊತ್ತಿಗೆ ತಾಯಿಯ ಮುಂದೆ ಅಣಕಿಸುತ್ತಿದ್ದಳು. ಬೆಳಿಗ್ಗೆ ಹೋಗಿ ಚೀಟಿಗಳಿಗೆ ಸಹಿ ಹಾಕುತ್ತಿದ್ದಳು. ಹೀಗೆ ಎಂಟು ತಿಂಗಳು ಕಳೆದವು.

ಆ ವರ್ಷ, ೧೯೯೯ರಲ್ಲಿ, ಆಗಸ್ಟಿನ ಮಳೆ ಹಿಡಿದ ಮೇಲೆ ಪವರ್ ಧಾರೆ ಹಾಕಿದ ಆಟೋಗಳು ಒಂದೊಂದಾಗಿ ಕೆಟ್ಟು ನಿಂತವು. ಶಿವಾಜಿನಗರದ ಮೆಕ್ಯಾನಿಕ್ ಚಾಂದ್ ಪಾಷಾ ಹಸಿರು ಬಾಟಲಿಯನ್ನು ಯಾರೂ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳತೊಡಗಿದ. ಸುದ್ದಿ ತಿಳಿದ ಅಂಜನಮೂರ್ತಿ, ಮಳೆ ಬಿಡುವು ಕೊಟ್ಟು ಬಿಸಿಲು ಬಿದ್ದ ಒಂದು ಮಧ್ಯಾಹ್ನ, ಅದೇ ಗ್ಯಾರೇಜಿನ ಮುಂದೆ ಡೆಮೊ ಇಟ್ಟ. ಬಾಟಲಿಗಳ ಪೆಟ್ಟಿಗೆ ಹಿಡಿದು ರಾಜೇಶ್ವರಿಯೂ ಹೋಗಬೇಕಾಯಿತು.

ಇಪ್ಪತ್ತು ಜನ ಚಾಲಕರು ಸೇರಿದ್ದರು. ಚಾಂದ್ ಪಾಷಾ ಬಿಚ್ಚಿದ ಕಾರ್ಬುರೇಟರ್ ಒಂದನ್ನು ಅಂಗೈಯಲ್ಲಿಟ್ಟು ಮುಂದೆ ಚಾಚಿದ. ಅದರೊಳಗೆಲ್ಲ ಸುಣ್ಣದಂಥ ಬಿಳಿ ಪುಡಿ ಕಟ್ಟಿತ್ತು, ರಬ್ಬರ್ ವಾಷರ್ ಊದಿಕೊಂಡಿತ್ತು.

“ನೋಡಿ ಸಾಬ್, ಇದು ಭೀಮು ಗಾಡೀದು. ಪಿಸ್ಟನ್ ಹಿಡ್ಕೊಂಡ್ಬಿಟ್ಟಿದೆ. ನಿಮ್ಮ ಮಾಲು ಆಯಿಲ್‌ನ ಒಳಗೆ ಹೋಗೋಕೇ ಬಿಡಲ್ಲ.”

“ನೀನು ಸ್ಪ್ಯಾನರ್ ಹಿಡಿ, ಸಾಕು,” ಎಂದ ಅಂಜನಮೂರ್ತಿ. “ಸೈನ್ಸ್ ಮಾತಾಡೋಕೆ ನಮ್ಮ ಹತ್ರ ಎಂ.ಎಸ್ಸಿ. ಇದ್ದಾರೆ. ಏನ್ ಮೇಡಂ, ನಮ್ಮ ಪ್ರಾಡಕ್ಟ್ ಟೆಸ್ಟ್ ಆಗಿದೆ ತಾನೇ?”

ಎಲ್ಲರೂ ಅವಳ ಕಡೆ ತಿರುಗಿದರು. ಚಾಂದ್ ಪಾಷಾ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ರಾಜೇಶ್ವರಿ ಬಾಟಲಿಗಳನ್ನು ನೋಡುತ್ತಾ ತಲೆಯಾಡಿಸಿದಳು.

ಅಂಜನಮೂರ್ತಿ ಸ್ಟೀಲ್ ತಟ್ಟೆಗೆ ಪವರ್ ಧಾರೆ ಸುರಿದು ಕಡ್ಡಿ ಗೀರಿದ. ಮೆಥನಾಲಿನ ಜ್ವಾಲೆ ತಿಳಿನೀಲಿ, ಉರಿಬಿಸಿಲಿನಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. “ಹೊಗೆ ಇದೆಯಾ? ಮಸಿ ಇದೆಯಾ?” ಎಂದು ಭಾಷಣ ಮಾಡಿದ. ಸ್ವಲ್ಪ ಹೊತ್ತಾದ ಮೇಲೆ ತಟ್ಟೆಯನ್ನು ನೋಡಿ, ಬೆಂಕಿ ಆರಿದೆ ಎಂದುಕೊಂಡು ಬಾಟಲಿ ಎತ್ತಿದ.

“ಸರ್, ಬೇಡ! ಇನ್ನೂ ಉರೀತಿದೆ!” ರಾಜೇಶ್ವರಿ ಕೂಗಿದಳು.

“ಎಲ್ಲಿ ಉರೀತಿದೆ? ಕಣ್ಣಿಲ್ವಾ ನಿಮಗೆ?” ಎನ್ನುತ್ತಲೇ ಸುರಿದ.

ಬಾಟಲಿಯ ಬಾಯಿಂದ ಬುಸ್ಸೆಂದು ಬೆಂಕಿ ಚಿಮ್ಮಿತು. ಅವನ ತೋಳು ಹತ್ತಿಕೊಂಡಿತು. ಎದುರಿಗೆ ನಿಂತಿದ್ದ ಭೀಮು ಕೈ ಕೊಡವುತ್ತಾ ಚೀರತೊಡಗಿದ. ಜನಕ್ಕೆ ಬೆಂಕಿಯೇ ಕಾಣಲಿಲ್ಲ. ಭೀಮುವಿನ ಖಾಕಿ ಅಂಗಿಯ ತೋಳು ತನ್ನಷ್ಟಕ್ಕೆ ಕಪ್ಪಾಗಿ ಸುರುಟುವುದಷ್ಟೇ ಕಂಡಿತು. ರಾಜೇಶ್ವರಿ ಪಂಕ್ಚರ್ ನೋಡುವ ತೊಟ್ಟಿಗೆ ಓಡಿದಳು.

“ನೀರು ಹಾಕ್ಬೇಡಿ! ಪೆಟ್ರೋಲ್ ಬೆಂಕಿಗೆ ನೀರು ಹಾಕ್ಬಾರ್ದು!” ಅಂಜನಮೂರ್ತಿ ಉರಿಯುತ್ತಲೇ ಆಜ್ಞೆ ಮಾಡುತ್ತಿದ್ದ.

“ಇದು ಪೆಟ್ರೋಲ್ ಅಲ್ಲ! ನೀರಲ್ಲಿ ಕರಗುತ್ತೆ! ಸುರೀರಿ, ಜಾಸ್ತಿ ಸುರೀರಿ!”

ಅವಳು ಭೀಮುವಿನ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದಳು. ಚಾಂದ್ ಪಾಷಾ ಅಂಜನಮೂರ್ತಿಯನ್ನು ಟೈ ಹಿಡಿದೆಳೆದು ತಂದು, ಕೊಳಕು ನೀರಿನ ತೊಟ್ಟಿಯಲ್ಲಿ ಭುಜದವರೆಗೆ ಅದ್ದಿದ.

ಮರುದಿನ ಅವಳು ಆಸ್ಪತ್ರೆಗೆ ಹೋದಳು. ಕೈಗೆ ಬ್ಯಾಂಡೇಜ್ ಸುತ್ತಿಕೊಂಡಿದ್ದ ಅಂಜನಮೂರ್ತಿಯನ್ನು ಕಂಡರೆ ಮರುಕ ಹುಟ್ಟೀತೇನೋ ಎಂದುಕೊಂಡಿದ್ದಳು.

“ಡೆಮೊ ಹಾಳು ಮಾಡಿದ್ದು ನೀವೇ,” ಎಂದ ಅವನು. “ಕೂಗಿ ನನ್ನ ಗಮನ ತಪ್ಪಿಸಿದ್ರಿ. ಪೊಲೀಸ್ ಕೇಳಿದ್ರೆ ಬಣ್ಣದಲ್ಲಿ ದೋಷ ಇತ್ತು ಅಂತ ಬರ್ಕೊಡಿ.”

ಮರುಕ ಹುಟ್ಟಲಿಲ್ಲ. ಇಂಥವನಿಗೆ ಹೆದರಿಯೇ ಎಂಟು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆನೇ ಎಂದು ಅವಳಿಗೆ ಹೇಸಿಗೆಯಾಯಿತು. ಬರೆದುಕೊಡುವುದಿಲ್ಲ ಎಂದು ಹೇಳಿ ಹೊರಬಂದಳು.

ಜನರಲ್ ವಾರ್ಡಿನಲ್ಲಿ ಭೀಮು ಮಲಗಿದ್ದ. ರಾಯಚೂರಿನ ಕಡೆಯವನು, ಜೋಗುಪಾಳ್ಯದಲ್ಲಿ ಹೆಂಡತಿ ಮಕ್ಕಳೊಂದಿಗೆ ಇದ್ದವನು. ನೀರು ಸುರಿದದ್ದಕ್ಕೆ ಅವನು ಒಂದು ಒಳ್ಳೆಯ ಮಾತನ್ನಾದರೂ ಆಡುತ್ತಾನೆ ಎಂಬ ಆಸೆ ಅವಳಿಗಿತ್ತು.

“ನೀರು ಹಾಕಿದ್ರೆ ಆರುತ್ತೆ ಅಂತ ನಿಮಗೆ ಗೊತ್ತಿತ್ತು,” ಎಂದ ಭೀಮು ನಿಧಾನವಾಗಿ. “ಹಂಗಾದ್ರೆ ಪಿಸ್ಟನ್ ಹಿಡ್ಕೊಳ್ಳುತ್ತೆ ಅಂತಾನೂ ಗೊತ್ತಿತ್ತು.”

“ಗೊತ್ತಿತ್ತು.”

“ಆ ಟೈ ಕಟ್ಟಿದವ್ನಿಗೆ ಏನೂ ಗೊತ್ತಿರಲಿಲ್ಲ. ಅವ್ನು ಬರೀ ಮೂರ್ಖ. ನೀವು ಓದಿದೋರು, ಎಲ್ಲ ಗೊತ್ತಿದ್ದೂ ತಲೆ ಆಡಿಸಿದ್ರಿ. ಹೋಗ್ರೀ ಮೇಡಂ, ನಿಮ್ ಮುಖ ನೋಡೋಕಾಗ್ತಿಲ್ಲ.”

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಅಂಜನಮೂರ್ತಿ ಎಷ್ಟು ಹೀಯಾಳಿಸಿದಾಗಲೂ ಅವಳಿಗೆ ಇಷ್ಟು ನಾಟಿರಲಿಲ್ಲ.

ಅವಳು ಪೊಲೀಸ್ ಠಾಣೆಗೆ ಹೋಗಿ ತನ್ನ ಸಹಿಯಿದ್ದ ಚೀಟಿಗಳ ಕಟ್ಟನ್ನು ತಾನೇ ಕೊಟ್ಟಳು. ಒಂದೂ ಪರೀಕ್ಷೆ ನಡೆದಿರಲಿಲ್ಲ ಎಂದು ಬರೆದುಕೊಟ್ಟಳು. ಶೆಡ್ಡಿಗೆ ಬೀಗ ಬಿತ್ತು. ಕೇಸಿನಲ್ಲಿ ಅಂಜನಮೂರ್ತಿಯ ಹೆಸರಿನ ಕೆಳಗೆ ಅವಳ ಹೆಸರೂ ಸೇರಿತು. ಎರಡು ವರ್ಷ ಯಾವ ಕಂಪನಿಯೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಹಲಸೂರಿನ ಒಂದು ಟ್ಯುಟೋರಿಯಲ್ಲಿನಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಹೇಳಿಕೊಂಡು ಇದ್ದಳು.

ಅಲ್ಲಿಂದ ಮನೆಗೆ ಹೊರಟ ಒಂದು ಸಂಜೆ ಅವಳು ಕೈ ಅಡ್ಡ ಹಿಡಿದ ಆಟೋ ಭೀಮುವಿನದೇ ಆಗಿತ್ತು. ಅವನ ಮುಂಗೈಯ ಚರ್ಮ ಬೆಳ್ಳಗೆ ಸುಕ್ಕಾಗಿತ್ತು. ಅವನು ವೇಗ ತಗ್ಗಿಸಿದ, ಅವಳನ್ನು ಗುರುತಿಸಿದ, ನಿಲ್ಲಿಸದೆ ಮುಂದೆ ಹೋದ. ಅವಳು ಬೇರೆ ಆಟೋ ಹುಡುಕಲಿಲ್ಲ. ಬಸ್ ಸ್ಟಾಪಿನ ಕಡೆ ನಡೆದಳು.