ಹಾಲುಕೆನೆ ಬಣ್ಣದ ಡೋರ್ ಪ್ಯಾಡ್

ನಾನು ಒಂದು ಡೋರ್ ಪ್ಯಾಡ್. ಕಾರಿನ ಬಾಗಿಲನ್ನು ಒಳಗಿನಿಂದ ಮುಚ್ಚುವ ರಟ್ಟು, ಅದರ ಮೇಲೆ ಬಿಗಿದ ರೆಕ್ಸಿನ್, ಇಷ್ಟೇ ನಾನು. ಹಳೆಯ ಕಾರು ಕೊಳ್ಳಲು ಬಂದವರು ಎಂಜಿನ್ ಸದ್ದು ಕೇಳುತ್ತಾರೆ, ಟೈರಿಗೆ ಒದೆಯುತ್ತಾರೆ. ನನ್ನ ಕಡೆ ತಿರುಗಿಯೂ ನೋಡುವುದಿಲ್ಲ. ಆದರೆ ಹೊರಟ ಮೇಲೆ ಮೊಣಕೈ ಊರಲು ಎಲ್ಲರಿಗೂ ನಾನೇ ಬೇಕು.

ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ, ಎಪ್ಪತ್ತೆಂಟನೇ ಇಸವಿಯಲ್ಲಿ. ಹಾಲಿನ ಕೆನೆಯಂಥ ಬಣ್ಣ. ಮೈಮೇಲೆ ಬಿಸಿ ಅಚ್ಚಿನಿಂದ ಐದು ಗೆರೆ ಒತ್ತಿ, ಒಂದು ಫಿಯಟ್ ಕಾರಿನ ಹಿಂದಿನ ಎಡಬಾಗಿಲಿಗೆ ನನ್ನನ್ನು ಕೂರಿಸಿದರು. ಆ ಕಾರು ತಿಪಟೂರಿನ ದನದ ಡಾಕ್ಟರು ಗುರುಶಾಂತಪ್ಪನವರ ಮನೆಗೆ ಬಂತು.

ಡಾಕ್ಟರಿಗೆ ಕಾರೆಂದರೆ ಹಳ್ಳಿಗೆ ಹೋಗಿಬರುವ ಗಾಡಿ, ಅಷ್ಟೇ. ಅದರ ಮೇಲೆ ಜೀವ ಇಟ್ಟುಕೊಂಡಿದ್ದವರು ಅವರ ಹೆಂಡತಿ ಗಂಗಾಂಬಿಕೆ. ಕೊಬ್ಬರಿಯ ಊರಿನವರಿಗೆ ತಲೆನೋವಿನಿಂದ ಹಿಡಿದು ಕಿರುಗುಟ್ಟುವ ಬಾಗಿಲಿನವರೆಗೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು. ಶುಕ್ರವಾರ ಮಕ್ಕಳ ತಲೆಗೆ ಎಣ್ಣೆ ಒತ್ತಿ, ಅದೇ ಕೈಯಲ್ಲಿ ಬಂದು ನಾಲ್ಕೂ ಬಾಗಿಲಿಗೆ ಒತ್ತುತ್ತಿದ್ದರು.

"ಮಕ್ಳ ತಲೆ ಥರ ಮಿಂಚ್ತೈತೆ ನೋಡ್ರಿ," ಎನ್ನುತ್ತಿದ್ದರು.

"ಅದಕ್ಕೂ ಜಡೆ ಹಾಕ್ಬಿಡೇ," ಎಂದು ಡಾಕ್ಟರು ನಗುತ್ತಿದ್ದರು.

ನಾನೂ ಮಿಂಚುತ್ತಿದ್ದೆ. ಎಣ್ಣೆ ಒಳಗಿಳಿಯುತ್ತಿದೆ, ಬಿಸಿಲಿಗೆ ಕಾದು ನನ್ನನ್ನು ಹಳದಿ ಮಾಡುತ್ತಿದೆ ಎಂಬುದು ಆಕೆಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಇಪ್ಪತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಕಾರನ್ನು ಡ್ರೈವಿಂಗ್ ಸ್ಕೂಲಿನವರು ಕೊಂಡರು. ಮುಂದೆ ಒಬ್ಬರು ಕಲಿಯುವಾಗ ಹಿಂದೆ ಮೂವರು ತಮ್ಮ ಸರದಿಗೆ ಕಾಯುತ್ತಿದ್ದರು. ಲಾರಿ ಎದುರಾದಾಗಲೆಲ್ಲ ನನ್ನ ಮೇಲೆ ಉಗುರು ಊರುತ್ತಿದ್ದರು. ಅವರು ಕಾರನ್ನು ಮೂಲೆಗೆ ನಿಲ್ಲಿಸುವ ಹೊತ್ತಿಗೆ ನಾನು ಹಳೆಯ ಬೀಡಿ ಕಟ್ಟಿನ ಬಣ್ಣಕ್ಕೆ ತಿರುಗಿದ್ದೆ.

ಅಲ್ಲಿಂದ ನನ್ನನ್ನು ಎಬ್ಬಿಸಿಕೊಂಡು ಹೋದವನು ಜಯಣ್ಣ. ಮದುವೆಗೆ ಹಳೆಯ ಕಾರು ಬಾಡಿಗೆಗೆ ಕೊಡುವುದು ಅವನ ಕಸುಬು. ಹೊರಗೆಲ್ಲ ಹೊಸ ಬಣ್ಣ ಹೊಡೆಸಿ, ಕಾರನ್ನು ಖಲೀಲ್ ಸಾಹೇಬರ ಕುಶನ್ ಅಂಗಡಿಗೆ ತಂದು ನಿಲ್ಲಿಸಿದ.

"ಒಳಗಡೆ ಹಾಲು ಥರ ಆಗ್ಬೇಕು ಖಲೀಲಣ್ಣ. ನಾಳೆ ಬೆಳಿಗ್ಗೆನೇ ಮದ್ವೆ."

"ನಾಳೆ? ಮೂರು ದಿನದ ಕೆಲಸ ಕಣಯ್ಯ ಇದು!"

"ಅಡ್ವಾನ್ಸ್ ಇಸ್ಕಂಡಾಗೈತೆ. ನಿನ್ ಕೈಲಾಗದು ಅಂದ್ರೆ ಇನ್ಯಾರ ಕೈಲಾಗ್ತೈತೆ ಹೇಳು?"

ಹೊಗಳಿಕೆಗೆ ಬಗ್ಗದ ಕೈ ಯಾವುದಿದೆ? ಖಲೀಲ್ ಒಪ್ಪಿಕೊಂಡರು.

ಅವರಿಗೆ ಒಂದು ಪದ್ಧತಿಯಿತ್ತು. ಬಣ್ಣ ಹೊಡೆಯುವ ಮುಂಚೆ ಸೋಪುನೀರಿನಲ್ಲಿ ತೊಳೆಯಬೇಕು. ಆಮೇಲೆ ಬಿಳಿ ಬಟ್ಟೆಗೆ ಸ್ಪಿರಿಟ್ ಹಾಕಿ, ಬಟ್ಟೆ ಬಿಳಿಯಾಗಿಯೇ ವಾಪಸು ಬರುವ ತನಕ ಒರೆಸಬೇಕು. ಎಣ್ಣೆಯ ಮೇಲೆ ಬಣ್ಣ ಕಚ್ಚುವುದಿಲ್ಲ. ಮೂರು ಬಾಗಿಲು ಹೇಗೋ ಮುಗಿದವು. ಕೊನೆಗೆ ನನ್ನ ಸರದಿ. ಮೊದಲ ಬಟ್ಟೆ ಹಳದಿ, ಎರಡನೆಯದು ಹಳದಿ, ಮೂರನೆಯದೂ ಹಳದಿ. ಖಲೀಲ್ ಗಡಿಯಾರ ನೋಡಿದರು. ಆ ಬಟ್ಟೆಯನ್ನು ಹಳದಿ ಒಳಗಾಗುವಂತೆ ಮಡಿಚಿ ಜೇಬಿಗೆ ಹಾಕಿಕೊಂಡರು. ಬಣ್ಣದ ಗನ್ ಎತ್ತಿಕೊಂಡರು.

ಸಂಜೆಗೆ ನಾನು ಹುಟ್ಟಿದ ದಿನದಂತೆ ಇದ್ದೆ. ಎಷ್ಟು ಬೀಗಿದೆನೆಂದರೆ, ಒಳಗೆ ಎಣ್ಣೆ ಇರುವುದನ್ನೇ ಮರೆತೆ.

ಮದುಮಗಳು ಸಿಂಚನ, ತಾಯಿ ಇಲ್ಲದ ಹುಡುಗಿ. ಉಟ್ಟಿದ್ದು ತಾಯಿಯ ಮದುವೆಯದೇ ಕುಂಕುಮ ಬಣ್ಣದ ಸೀರೆ. ಪಕ್ಕದಲ್ಲಿ ಅಜ್ಜಿ. ಏಪ್ರಿಲ್ ಬಿಸಿಲು. ದೇವಸ್ಥಾನದಿಂದ ಛತ್ರಕ್ಕೆ ಬರುವಾಗ ಅವಳು ದಾರಿಯುದ್ದಕ್ಕೂ ನನಗೆ ಒರಗಿದ್ದಳು. ಕಾರು ಕಾಯಿತು, ನಾನು ಕಾದೆ, ಎಣ್ಣೆ ಮೇಲೆದ್ದಿತು. ಬಣ್ಣ ನನ್ನನ್ನು ಬಿಟ್ಟು ಅವಳ ಸೆರಗನ್ನು ಹಿಡಿಯಿತು. ನನಗೆ ಗೊತ್ತಾಯಿತು. ಕೂಗಲು ನನಗೆ ಬಾಯಿಲ್ಲ.

ಛತ್ರದ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದ ಗಂಡಿನ ಸೋದರತ್ತೆ ತಟ್ಟೆಯನ್ನು ಕೆಳಗಿಳಿಸಿದರು.

"ಇದೇನ್ರೀ, ಹೊಸ್ತಿಲು ದಾಟೋಕೆ ಮುಂಚೆ ಮದ್ವಣಗಿತ್ತಿ ಸೆರಗಿಗೆ ಬಿಳೀದು?"

"ಗಂಧ ಇರ್ಬೇಕು ತಾಯಿ," ಎಂದರು ಅಜ್ಜಿ.

"ಗಂಧ ಆದ್ರೆ ವಾಸನೆ ಬರಲ್ವಾ? ತಾಯಿ ಬೇರೆ ಇಲ್ಲ. ಒಳ್ಳೇದಲ್ಲ ಇದು."

ಗಂಡಿನ ಕಡೆಯವರಲ್ಲಿ ಗುಸುಗುಸು ಎದ್ದಿತು. ಯಾರೋ ಹಿರಿಯರನ್ನು ಕರೆಯಲು ಒಳಗೆ ಹೋದರು. ಸಿಂಚನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನಿಂತಳು, ತಪ್ಪು ತನ್ನದೇ ಎಂಬಂತೆ.

ಖಲೀಲ್ ಅಲ್ಲೇ ಇದ್ದರು. ತಮ್ಮ ಕೆಲಸ ನೋಡುವ ಆಸೆಗೆ ಬೆಳಿಗ್ಗೆಯೇ ಬಂದು ಗೇಟಿನ ಹತ್ತಿರ ನಿಂತಿದ್ದರು. ಜಯಣ್ಣ ಅವರ ತೋಳು ಹಿಡಿದು, "ಸುಮ್ಕಿರಣ್ಣ, ಯಾರಿಗೂ ಗೊತ್ತಾಗಿಲ್ಲ. ಹೇಳಿದ್ರೆ ಇಬ್ರ ಹೊಟ್ಟೆ ಮೇಲೂ ಏಟು ಬೀಳ್ತೈತೆ," ಎಂದ.

ಖಲೀಲ್ ತೋಳು ಬಿಡಿಸಿಕೊಂಡರು. ನೇರ ಬಂದು, ತೆರೆದ ಬಾಗಿಲಿನಲ್ಲಿ ನನ್ನ ಎದೆಯ ಮೇಲೆ ಬಲಗೈ ಒತ್ತಿ ಹಿಡಿದರು. ಆಮೇಲೆ ಆ ಅಂಗೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದರು. ಬೆಳ್ಳಗಾಗಿತ್ತು.

"ಶಕುನ ಅಲ್ಲ ಅಮ್ಮಾ, ಬಣ್ಣ. ನಾನು ಹೊಡ್ದಿದ್ದು. ಇನ್ನೂ ಒರೆಸ್ಬೇಕಿತ್ತು, ಗೊತ್ತಿದ್ದೂ ಒರೆಸ್ಲಿಲ್ಲ." ನಿನ್ನೆಯಿಂದ ಜೇಬಿನಲ್ಲೇ ಉಳಿದಿದ್ದ ಆ ಹಳದಿ ಬಟ್ಟೆ ತೆಗೆದು ಬಿಡಿಸಿ ತೋರಿಸಿದರು. "ಮಗೀನ ಮೇಲೆ ಹಾಕ್ಬೇಡಿ. ಬೈಯೋದಿದ್ರೆ ನಂಗೆ ಬೈರಿ."

ಸೋದರತ್ತೆ ಅವರ ಅಂಗೈ ನೋಡಿದರು, ಸೆರಗು ನೋಡಿದರು.

"ಥೂ ನಿನ್ನ! ಮದ್ವೆ ಮನೇಲಿ ಸುಣ್ಣ ಬಳಿಯೋಕೆ ಬಂದ್ಯೇನಯ್ಯ?" ಎಂದು ಬೈದರು. ಬೈಗುಳದ ಜೊತೆ ಆರತಿ ತಟ್ಟೆಯೂ ಮೇಲೆದ್ದಿತು. ಅಜ್ಜಿ ಕಲೆ ಒಳಗಾಗುವಂತೆ ಸೆರಗು ಮಡಿಸಿ ಪಿನ್ ಹಾಕಿದರು. ಮದುವೆ ನಡೆಯಿತು.

ಜಯಣ್ಣ ಮತ್ತೆ ಖಲೀಲರ ಅಂಗಡಿಗೆ ಬರಲಿಲ್ಲ. ನನ್ನನ್ನು ಕಿತ್ತು ಅವರ ಬಾಗಿಲಿಗೆ ಎಸೆದು ಹೋದ. ಅವರು ನನ್ನನ್ನು ಎತ್ತಿ ಗೋಡೆಯ ಮೊಳೆಗೆ ನೇತುಹಾಕಿದರು. ಬಣ್ಣ ಕಿತ್ತುಬಂದು ನನ್ನ ಮೇಲೆ ಉಳಿದಿದ್ದ ತಮ್ಮ ಅಂಗೈ ಗುರುತಿನ ಮೇಲೆ ಮತ್ತೆ ಬಣ್ಣ ಹೊಡೆಯಲಿಲ್ಲ. ಯಾರಾದರೂ "ನಾಳೆನೇ ಬೇಕು" ಎಂದರೆ ನನ್ನ ಕಡೆ ಬೆರಳು ತೋರಿಸಿ, "ಅದುನ್ನ ನೋಡಿ, ಆಮೇಲೆ ಹೇಳಿ," ಎನ್ನುತ್ತಾರೆ.

ಮೊನ್ನೆ ಸಿಂಚನ ಸ್ಕೂಟರಿನ ಸೀಟು ಹೊಲಿಸಲು ಬಂದಿದ್ದಳು. ಖಲೀಲ್ ತಲೆಯೆತ್ತದೆ ಕೇಳಿದರು: "ಸೀರೆ ಏನಾಯ್ತಮ್ಮಾ?"

"ಕಲೆ ಹೋಗ್ಲೇ ಇಲ್ಲ ಸಾಬ್ರೆ. ಇರ್ಲಿ ಬಿಡಿ. ಈಗ ಬೀರುನಲ್ಲಿ ಅಮ್ಮನ ಸೀರೆ ಹುಡುಕೋದೇ ಬೇಡ, ತಕ್ಷಣ ಗೊತ್ತಾಗುತ್ತೆ."

ಅವಳು ನಕ್ಕಳು. ಖಲೀಲ್ ನಗಲಿಲ್ಲ, ಸೂಜಿಗೆ ದಾರ ಪೋಣಿಸುತ್ತ ಕುಳಿತರು.

ಬಿಸಿಲೇರಿದ ದಿನ ನನ್ನ ಮೈಯಿಂದ ಈಗಲೂ ಎಣ್ಣೆ ಜಿನುಗುತ್ತದೆ. ಗಂಗಾಂಬಿಕೆಯನ್ನು ನಾನು ದೂರಲಾರೆ. ಆಕೆ ಕೊಟ್ಟದ್ದು ಪ್ರೀತಿ. ಖಲೀಲರಿಗಾದರೂ ಕೈಯೆತ್ತಿ ಹೇಳುವ ಅವಕಾಶ ಸಿಕ್ಕಿತು. ನನಗೆ ಅದೂ ಸಿಗಲಿಲ್ಲ. ಅದಕ್ಕೇ ಇವತ್ತು ನಿಮ್ಮೆದುರು ಇಷ್ಟು ಹೇಳಿಕೊಂಡೆ: ಆ ಸೆರಗಿಗೆ ಬಣ್ಣ ಬಿಟ್ಟದ್ದು ನಾನು.