ಎತ್ತಿನ ಹಿಂದಿನ ಸಾಲಿ

ಶಿವಕಾಂತಾ ಅಪ್ಪನ ಹಣೆಗೆ ಇನ್ನೊಮ್ಮೆ ವಿಭೂತಿ ಬಳಿಯುತ್ತಿದ್ದಳು. ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದ ಜಗದೇವಪ್ಪನ ದೇಹ ವಾಲದಂತೆ ಅವಳ ಗಂಡ ಕಲ್ಯಾಣಪ್ಪ ಭುಜ ಹಿಡಿದುಕೊಂಡಿದ್ದ. ಬದುಕಿದ್ದಾಗ ಒಂದು ಗಳಿಗೆ ಸುಮ್ಮನೆ ಕೂತವನಲ್ಲ ಆ ಮನುಷ್ಯ.

"ಒಕ್ಕಲತನ ಮಾಡಿದ್ರೂ ಇಂಥಾ ಮಾಸ್ತರ ಗೊಬ್ಬೂರಿಗಿ ಇನ್ನೊಬ್ಬ ಹುಟ್ಟಂಗಿಲ್ಲ," ಎಂದರು ರಿಟೈರಾದ ದತ್ತಪ್ಪ ಮಾಸ್ತರರು. "ಮಗಳಿಗಿ ಮನ್ಯಾಗೇ ಕಲಸು ಅಂತ ಆವಾಗ ನಾನೇ ಹೇಳಿದ್ದೆ. ಈಗ ಪ್ಯಾಟಿ ಶಾಣ್ಯಾ ಮಂದೀನೂ ಹಂಗೇ ಮಾಡ್ತಾರಂತ, ಪೇಪರಿನ್ಯಾಗ ಬಂದದ."

ಆ ದುಃಖದಲ್ಲೂ ಶಿವಕಾಂತಾಳಿಗೆ ನಗು ಬಂತು.

ಅವಳ ಮಗಳು ಸುಗಲಾ ಮೂಲೆಯಲ್ಲಿ ಕೂತಿದ್ದಳು. ಉಗ್ಗುವ ಹುಡುಗಿ. ತಮ್ಮೂರು ಜೇವರ್ಗಿಯ ಸಾಲಿಯಲ್ಲಿ ಬಾಯಿ ಬಿಡದವಳು, ಒಂದು ವರ್ಷದಿಂದ ಇಲ್ಲಿ, ತಾನು 'ಮುತ್ಯಾ' ಎನ್ನುವ ಅಜ್ಜನ ಹತ್ತಿರ ಕಲಿಯುತ್ತಿದ್ದಳು.

"ನಾಳಿ ಸುಗಲಾನ ಜೇವರ್ಗಿಗಿ ಕರ್ಕೊಂಡು ಹೋಗ್ತೇನಿ," ಕಲ್ಯಾಣಪ್ಪ ಪಿಸುಗುಟ್ಟಿದ. "ಸಾಲ್ಯಾಗ ಹೆಸರು ಇನ್ನಾ ಅದ."

"ನಾನೇ ಕಲಸ್ತೇನ್ರಿ."

"ಹುಡುಗೀನ ಮನ್ಯಾಗ ಮುಚ್ಚಿಟ್ಟಾರ ಅಂತ ಮಂದಿ ನಗ್ತಾರ."

*

ಮಂದಿಯ ನಗು ಅವಳಿಗೆ ಹೊಸದೇನಲ್ಲ. ಇಪ್ಪತ್ತು ವರ್ಷದ ಹಿಂದೆ ಅವಳೂ ಉಗ್ಗುತ್ತಿದ್ದಳು. ಓದಲು ಎದ್ದು ನಿಂತರೆ ತರಗತಿಯೆಲ್ಲ ನಗುತ್ತಿತ್ತು. ಒಂದು ದಿನ ಅಪ್ಪ ಸಾಲಿ ಬಿಡಿಸಿ ಅವಳನ್ನು ಪುಸ್ತಕದ ಸಮೇತ ಹೊಲಕ್ಕೆ ಕರೆದೊಯ್ದ. ಅವನು ಕುಂಟಿ ಹೊಡೆಯುತ್ತಿದ್ದರೆ ಇವಳು ಹಿಂದೆ ನಡೆಯುತ್ತ ಗಟ್ಟಿಯಾಗಿ ಓದಬೇಕು. ಮಾತು ಸಿಕ್ಕಿಕೊಂಡಲ್ಲಿ ಎತ್ತುಗಳೂ ನಿಲ್ಲಬೇಕು. ನಿಜಾಮನ ಕಾಲದ ಉರ್ದು ಸಾಲಿಯಲ್ಲಿ ಕಲಿತವನು ಅಪ್ಪ, ಮಗ್ಗಿಯನ್ನೂ ಉರ್ದುವಿನಲ್ಲೇ ಹೇಳಿಕೊಟ್ಟ.

"ಲೇ ಜಗದೇವಪ್ಪ, ಹುಡುಗಿಗಿ ಕಲಸಾಕತ್ತಿಯೋ, ಎತ್ತಿಗಿ ಕಲಸಾಕತ್ತಿಯೋ?" ಬದುವಿನ ಮೇಲೆ ನಿಂತು ಕೇಳಿದವರು ಇದೇ ದತ್ತಪ್ಪ ಮಾಸ್ತರರು.

"ಇಬ್ಬರಿಗೂ ರೀ. ಯಾರು ಮೊದಲ ಕಲೀತಾರ ನೋಡೂಣು."

ಎತ್ತು ಕಲಿಯಲಿಲ್ಲ. ಶಿವಕಾಂತಾ ಖಾಸಗಿಯಾಗಿ ಕೂತು ಮೆಟ್ರಿಕ್ ಪಾಸಾದಳು. ಕಾಪಿ ಹೊಡೆದಿದ್ದಾಳೆ ಎಂದು ಊರು ಆಡಿಕೊಂಡಿತು. ಅಪ್ಪ ಮಾತ್ರ ಊರಿಗೆಲ್ಲ ಪೇಡೆ ಹಂಚಿದ. ಎಂಥ ಅಪ್ಪ ಸಿಕ್ಕಿದ್ದ ತನಗೆ!

*

ಹೊಲದಲ್ಲಿ ತೋಡಿದ ಕುಣಿಯಲ್ಲಿ ಜಗದೇವಪ್ಪನನ್ನು ಕೂಡಿಸಿ, ಪತ್ರಿ ಏರಿಸಿ, ಸ್ವಾಮಿಗಳು ಮಂತ್ರ ಮುಗಿಸಿದರು. ಎಲ್ಲರೂ ಹಿಡಿ ಮಣ್ಣು ತೆಗೆದುಕೊಂಡರು. ಸುಗಲಾ ಕುಣಿಯೊಳಗೆ ಬಗ್ಗಿ ನೋಡಿದಳು.

"ಮು... ಮು..."

"ಮುತ್ಯಾ ಅಂತಾಳ," ಎಂದರು ದತ್ತಪ್ಪ ಮಾಸ್ತರರು. "ಹಾಕ್ರಿ ಮಣ್ಣ, ಹೊತ್ತಾತು."

ಸುಗಲಾ ತಟ್ಟನೆ ಬಾಯಿ ಮುಚ್ಚಿದಳು. ಜೇವರ್ಗಿಯಲ್ಲಿ ಮುಚ್ಚುತ್ತಿದ್ದುದೂ ಹೀಗೆಯೇ. ಶಿವಕಾಂತಾ ಗಂಡನ ಕಡೆ ನೋಡಿದಳು.

ಕಲ್ಯಾಣಪ್ಪ ಆ ಮುಚ್ಚಿದ ಬಾಯನ್ನೇ ನೋಡುತ್ತ ಮಗಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ. "ನಿಂದರ್ರಿ ಮಾಸ್ತರ," ಎಂದ. "ಆಕಿ ಹೇಳ್ಲಿ. ನಾಳಿಂದ ಅವ್ವನೇ ಕಲಸ್ತಾಳ ಆಕೀಗಿ."

"ಮು... ಮು..."

ಯಾರೂ ನಗಲಿಲ್ಲ. ಗೊಬ್ಬೂರಿನ ಮಂದಿಯೆಲ್ಲ ಮುಷ್ಟಿಯಲ್ಲಿ ಮಣ್ಣು ಬಿಗಿಹಿಡಿದು, ಆ ಹುಡುಗಿಯ ಬಾಯಿಂದ ಬರಬೇಕಾದ ಒಂದು ಮಾತಿಗಾಗಿ ಕಾಯುತ್ತ ನಿಂತಿದ್ದರು.