ಮುಖದ ಮೇಲೆ ಕೂರುವ ಫೈಲುಗಳು

ಎಲ್ಲಿಂದ ಶುರುಮಾಡಲಿ? ಮನುಷ್ಯಕುಲ ಇಷ್ಟು ದಿನ ಕಡೆಗಣಿಸಿದ ಒಂದು ಗಂಭೀರ ಪ್ರಶ್ನೆಯಿಂದ: ಕಂಪ್ಯೂಟರಿನಲ್ಲಿ ಕಸದ ಬುಟ್ಟಿ ಮೇಜಿನ ಕೆಳಗಿರದೆ ಮೇಜಿನ ಮೇಲೇಕಿದೆ?

(ಬೇಡ, ಭಾಷಣದ ಧಾಟಿಯಾಯಿತು. ಹೊಡೆದುಹಾಕಿದ್ದೇನೆ. ಅಷ್ಟರಲ್ಲಿ ನೀವು ಓದಿಬಿಟ್ಟಿರಿ.)

೨. ರೌಮಾ ಊರಿನ ತೆಲ್ಲೆರ್ವೊ ಕಂಪ್ಯೂಟರ್ ತೆರೆದರೆ ಪರದೆಯ ತುಂಬ ಅವಳ ಗಂಡ ಓಯಿವಾ. ದೋಣಿಯಲ್ಲಿ ಕೂತು, ಬಿಸಿಲಿಗೆ ಕಣ್ಣು ಕಿರಿದಾಗಿಸಿ ನಗುತ್ತಿದ್ದಾನೆ. ತೀರಿಕೊಂಡು ಮೂರು ಚಳಿಗಾಲವಾಯಿತು. ಹೊಸ ಫೈಲು ಯಾವುದೇ ಬರಲಿ, ನೇರ ಅವನ ಮುಖದ ಮೇಲೆ ಕೂರುತ್ತದೆ. ಅದನ್ನು ಅವಳು ಸಹಿಸಳು. ಎತ್ತಿ ಪರದೆಯ ಮೂಲೆಯ ಕಸದ ಬುಟ್ಟಿಗೆ ಹಾಕುತ್ತಾಳೆ. ತೆರಿಗೆ ಕಾಗದ, ಚರ್ಚಿನ ಹಾಡು ಎಲ್ಲ ಅಲ್ಲೇ. ಓಯಿವಾನ ಧ್ವನಿ ಉಳಿದಿರುವ ಒಂದೇ ಒಂದು ಸಂದೇಶವೂ ಅಲ್ಲೇ: "ಬರ್ತಾ ಇದ್ದೀನಿ, ಸೌನಾ ಒಲೆ ಹಚ್ಚಿಡು." (ಸೌನಾ ಎಂದರೆ ಅವರ ಹಬೆಸ್ನಾನದ ಕೋಣೆ.) ಬೇಕೆನಿಸಿದಾಗ ಹೊರಗೆಳೆದು ಕೇಳುತ್ತಾಳೆ, ಮತ್ತೆ ಬುಟ್ಟಿಗೆ.

೩. ಕಂಪ್ಯೂಟರ್ ತೆವಳುತ್ತಿದೆಯೆಂದು ಅಕ್ಕನ ಮಗಳು ಸೈಲಾಳನ್ನು ಕರೆಸಿದಳು. ಸೈಲಾ ಏಲಕ್ಕಿ ಬನ್ನು ಕಚ್ಚುತ್ತಲೇ ಕೂತಳು.

"ಚಿಕ್ಕಮ್ಮ, ಏನಿದು ಇಷ್ಟೊಂದು ಕಸ? ಖಾಲಿ ಮಾಡ್ಲಾ?"

"ಕಸ ಅಲ್ಲ ಕಣೆ, ನನ್ನ ಸಾಮಾನು."

"ಕಸದ ಬುಟ್ಟೀಲಿ ಯಾರಾದ್ರೂ ಸಾಮಾನಿಡ್ತಾರಾ?"

"ಸೌನಾ ಒಲೆ ಪಕ್ಕ ಬುಟ್ಟಿ ಇಲ್ವಾ? ನಾನು ಕಡ್ಡಿ ಗೀರೋವರೆಗೂ ಅದರಲ್ಲಿರೋ ಕಾಗದ ಎಲ್ಲಿಗೂ ಹೋಗಲ್ಲ."

"ಇಲ್ಲಿ ಕಡ್ಡಿ ಗೀರೋದು ನೀನಲ್ಲ. ಜಾಗ ತುಂಬಿದ್ರೆ ಹಳೇದನ್ನೆಲ್ಲ ಇದೇ ಅಳಿಸಿಬಿಡುತ್ತೆ."

ತೆಲ್ಲೆರ್ವೊ ಕಾಫಿ ಕಪ್ಪು ಕೆಳಗಿಟ್ಟಳು. "ಹಾಗಾದ್ರೆ ಎಲ್ಲಿಡಲಿ? ಅವನ ಕಣ್ಣಿನ ಮೇಲಾ?"

೪. ಮೊದಲ ಅಂತ್ಯ: ಚಿಕ್ಕಮ್ಮ ಕಾಫಿ ಕಾಸಲು ಎದ್ದಾಗ ಸೈಲಾ ಬುಟ್ಟಿ ಖಾಲಿ ಮಾಡುತ್ತಾಳೆ.

(ತೆಲ್ಲೆರ್ವೊ ನನ್ನತ್ತ ತಿರುಗಿದಳು. "ನಿಮ್ಮ ಕಥೆಗೆ ದುಃಖ ಸಾಲ್ದು ಅಂತ ನನ್ನ ಗಂಡನ ಮಾತು ಅಳಿಸ್ತೀರೇನ್ರಿ? ನಿಮ್ಮ ಮನೇದು ಯಾವುದಾದ್ರೂ ಅಳಿಸ್ಕೊಳ್ಳಿ." ಅಂತ್ಯವನ್ನು ವಾಪಸು ಪಡೆದೆ.)

ಎರಡನೆಯದು: ಸೈಲಾ ಒಂದು ಫೋಲ್ಡರು ಮಾಡಿ, ಸಂದೇಶವನ್ನು ಅದರೊಳಗಿಟ್ಟು, ಮುಖದಿಂದ ದೂರ, ದೋಣಿಯ ಪಕ್ಕದ ನೀರಿನ ಮೇಲೆ ಇಡುತ್ತಾಳೆ. ಇದು ವಿವೇಕದ ಮಾತು, ಆದ್ದರಿಂದ ಕಥೆಗೆ ಅಪಾಯ.

"ನೀರಲ್ಲಾ?" ಎಂದಳು ತೆಲ್ಲೆರ್ವೊ. "ಅವನಿಗೆ ಈಜು ಬರಲ್ಲ."

ಸೈಲಾ ನಗಲಿಲ್ಲ. ಫೋಲ್ಡರನ್ನು ಮೆಲ್ಲಗೆ ದೋಣಿಯೊಳಕ್ಕೆ, ಓಯಿವಾನ ಎದುರಿನ ಖಾಲಿ ಹಲಗೆಯ ಮೇಲಕ್ಕೆ ಎಳೆದಳು. "ಇಲ್ಲಿ?"

ತೆಲ್ಲೆರ್ವೊ ಆ ಹಲಗೆಯನ್ನೇ ನೋಡುತ್ತ ಕೂತಳು.

"ಅದು ನಾನು ಕೂರೋ ಜಾಗ ಕಣೆ."

೫. ಮೂರನೆಯ ಅಂತ್ಯ ನನ್ನಲ್ಲಿಲ್ಲ. ನಿಮ್ಮಲ್ಲಿದ್ದರೆ ಅವಳನ್ನು ಒಪ್ಪಿಸಿ ನೋಡಿ. ಸೈಲಾ ಕಾಫಿ ಮುಗಿಸಿ ಹೊರಟಳು. ಸಂದೇಶ ಮತ್ತೆ ಬುಟ್ಟಿಯಲ್ಲೇ ಇದೆ.